ಆಪರೇಷನ್ ಆದದ್ದು ಹೊಟ್ಟೆಗೆ, ನೋಯುತ್ತಿರುವುದು ಗಂಟಲು

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು. ನಮ್ಮ ಅವ್ವನಿಗೆ 56 ವರ್ಷ. ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ಊಟವಾದ ಮೇಲೆ ಎಲೆ-ಅಡಿಕೆಯ ಜೊತೆ ತಂಬಾಕು ಹಾಕಿಕೊಳ್ಳುವ ರೂಢಿಯೂ ಇದೆ. ಪಿತ್ತಕೋಶದಲ್ಲಿ ಕಲ್ಲಾಗಿದ್ದರಿಂದ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶವನ್ನು ತೆಗೆದರು. ಇಂದಿಗೆ ಮೂರನೇ ದಿನ. ನಿನ್ನೆ ಮನೆಗೆ ಕರೆತಂದಿದ್ದೇವೆ. ಹೊಟ್ಟೆಯ ನೋವು ಸಹಿಸುವಂತಿದೆ, ಆದರೆ ಉಗುಳು ನುಂಗಿದರೂ ಗಂಟಲು ನೋಯುತ್ತದೆ ಎನ್ನುತ್ತಾಳೆ, ದನಿಯೂ ಒಡೆದಿದೆ. ಮನೆಯ ಹಿರಿಯರು ಮೆಣಸು, ಶುಂಠಿ ಹಾಕಿ ಕಷಾಯ ಕೊಡುತ್ತಿದ್ದಾರೆ. ತಣ್ಣಗಿನದು ಕೊಟ್ಟರೆ ಹೊಲಿಗೆ ನಂಜಾಗುತ್ತದೆ ಎನ್ನುತ್ತಾರೆ. ಔಷಧ ಅಂಗಡಿಯವರು ಐದು ದಿನದ ಆಂಟಿಬಯೋಟಿಕ್ ಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಇದು ಸೋಂಕೇ? ಎಷ್ಟು ದಿನ ಇರುತ್ತದೆ? ಏನು ಮಾಡಿದರೆ ಕಡಿಮೆಯಾದೀತು? ಹೀಗಾಗಬಹುದೆಂದು ನಮಗೆ ಯಾರೂ ಮೊದಲೇ ಹೇಳಲಿಲ್ಲ. ಮುಂದಿನ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ಇದೆ. ಮತ್ತೆ ಇದೇ ಪಾಡಾದರೆ ಬೇಡವೇ ಬೇಡ ಎಂದು ಅವ್ವ ಹಟ ಹಿಡಿದಿದ್ದಾಳೆ.

ಉತ್ತರ: ನಿಮ್ಮ ತಾಯಿಯವರ ಗಂಟಲಿನಲ್ಲಿ ಈಗ ಇರುವುದು ಬಹುಮಟ್ಟಿಗೆ ಸೋಂಕಲ್ಲ, ಪೆಟ್ಟು. ಅರಿವಳಿಕೆಯ ಹೊತ್ತಿನಲ್ಲಿ ಉಸಿರಾಟಕ್ಕೆಂದು ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿದ ನಳಿಕೆ ಅಲ್ಲಿನ ಮೆತ್ತನೆಯ ಒಳಪೊರೆಯನ್ನು ಒತ್ತಿ, ಉಜ್ಜಿ ಮಾಡಿದ ಗಾಯ ಅದು. ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಗೆಂದು ಯಾರೂ ಆಂಟಿಬಯೋಟಿಕ್ ನುಂಗುವುದಿಲ್ಲ, ಅದರ ಮೇಲೆ ಮೆಣಸಿನ ಪುಡಿ ಉದುರಿಸುವುದೂ ಇಲ್ಲ. ಗಂಟಲಿನ ವಿಷಯದಲ್ಲಿ ಮಾತ್ರ ಎರಡನ್ನೂ ಮಾಡುತ್ತೇವೆ. ನಮ್ಮ ಮನೆಗಳಲ್ಲಿ ಗಂಟಲು ನೋವೆಂದರೆ ನೆಗಡಿ, ಶೀತ, ಕಫ ಎಂದೇ ಲೆಕ್ಕವಾದ್ದರಿಂದ ಅದಕ್ಕೆ ಮಾಡುವ ಉಪಚಾರವೂ ಶೀತವನ್ನು ಓಡಿಸುವ ಖಾರದ ಉಪಚಾರವೇ ಆಗಿರುತ್ತದೆ. ಆಪರೇಷನ್ ನಂತರದ ಗಂಟಲಿಗೆ ಬೇಕಾದದ್ದು ಅದಕ್ಕೆ ಪೂರ್ತಿ ವಿರುದ್ಧವಾದದ್ದು: ತೇವ, ತಂಪು, ಮೌನ ಮತ್ತು ಒಂದೆರಡು ದಿನದ ತಾಳ್ಮೆ. ಆದುದರಿಂದ ಕಷಾಯವನ್ನು ಇಂದಿನಿಂದಲೇ ನಿಲ್ಲಿಸಿ, ಆಂಟಿಬಯೋಟಿಕ್ ಪೊಟ್ಟಣವನ್ನು ಒಡೆಯದೆ ಹಾಗೆಯೇ ಇಡಿ. ನಾನು ಅವರನ್ನು ಕಣ್ಣಾರೆ ಪರೀಕ್ಷಿಸಿಲ್ಲವಾದ್ದರಿಂದ, ಯಾವ ಲಕ್ಷಣ ಕಂಡರೆ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನೂ ಮುಂದೆ ಹೇಳುತ್ತೇನೆ. ಆ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಪೂರ್ತಿ ಅರಿವಳಿಕೆಯಲ್ಲಿ ಪ್ರಜ್ಞೆಯ ಜೊತೆಗೆ ಸ್ನಾಯುಗಳೂ ಸಡಿಲವಾಗುತ್ತವೆ, ಉಸಿರಾಟದ ಸ್ನಾಯುಗಳೂ ಅದಕ್ಕೆ ಹೊರತಲ್ಲ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸುವುದರಿಂದ ಜಠರದಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯವೂ ಇರುತ್ತದೆ. ಹೀಗಾಗಿ ರೋಗಿ ನಿದ್ದೆಗೆ ಜಾರಿದ ಮೇಲೆ ಲ್ಯಾರಿಂಗೊಸ್ಕೋಪ್ ಎಂಬ, ದೀಪವಿರುವ ಲೋಹದ ಅಲಗಿನಿಂದ ನಾಲಗೆಯನ್ನು ಎತ್ತಿ ಹಿಡಿದು, ಧ್ವನಿತಂತುಗಳ ನಡುವಿನ ಸಂದಿಯಲ್ಲಿ ಪ್ಲಾಸ್ಟಿಕ್ ನಳಿಕೆಯನ್ನು ಒಳಗೆ ಸರಿಸುತ್ತೇವೆ. ಹೆಂಗಸರಿಗೆ ಸಾಮಾನ್ಯವಾಗಿ ಬಳಸುವುದು ಒಳವ್ಯಾಸ 7 ಮಿಲಿಮೀಟರ್ ಇರುವ ನಳಿಕೆ. ಅದರ ಗೋಡೆಯ ದಪ್ಪವೂ ಸೇರಿ ಹೊರಗಿನ ಅಳತೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ. ಮುಂದಿನ ಹಲ್ಲಿನಿಂದ ಲೆಕ್ಕ ಹಾಕಿದರೆ ಸುಮಾರು 21 ಸೆಂಟಿಮೀಟರ್ ಒಳಕ್ಕೆ ಹೋಗಿ ನಿಲ್ಲುತ್ತದೆ. ಅದರ ತುದಿಗಿಂತ ಸ್ವಲ್ಪ ಮೇಲೆ ನಳಿಕೆಯ ಸುತ್ತ ತೆಳುವಾದ ಗಾಳಿಚೀಲವಿರುತ್ತದೆ. ನಳಿಕೆ ಜಾಗಕ್ಕೆ ಕುಳಿತ ಮೇಲೆ ಸಿರಿಂಜಿನಿಂದ ಕೆಲವು ಮಿಲಿಲೀಟರ್ ಗಾಳಿ ಬಿಟ್ಟು ಆ ಚೀಲವನ್ನು ಉಬ್ಬಿಸಿದರೆ ಅದು ಶ್ವಾಸನಾಳದ ಗೋಡೆಗೆ ಅಂಟಿಕೊಂಡು, ಕೊಟ್ಟ ಗಾಳಿ ಹೊರಗೆ ಸೋರದಂತೆ, ಮೇಲಿನ ದ್ರವ ಒಳಗೆ ಇಳಿಯದಂತೆ ತಡೆಯುತ್ತದೆ.

ನೋವಿನ ಮೂಲ ಬಹುಪಾಲು ಈ ಚೀಲದಲ್ಲಿದೆ. ಅದರೊಳಗಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದೊಳಗೆ, ಅಂದರೆ ಅಷ್ಟು ಎತ್ತರದ ನೀರು ಒತ್ತುವಷ್ಟೇ, ಇರಬೇಕೆಂಬುದು ನಿಯಮ. 30ನ್ನು ಮೀರಿದಾಗ ಶ್ವಾಸನಾಳದ ಒಳಪೊರೆಯಲ್ಲಿ ರಕ್ತ ಹರಿಯುವುದು ಕಡಿಮೆಯಾಗುತ್ತದೆ. 50ರ ಹತ್ತಿರ ಬಂದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ನಳಿಕೆಯ ಹೊರತುದಿಗೆ ಜೋಡಿಸಿದ ಪುಟ್ಟ ಬಲೂನನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿ ನೋಡಿ ಒಳಗಿನ ಒತ್ತಡವನ್ನು ಅಂದಾಜು ಮಾಡುವುದು ಹಳೆಯ ಪದ್ಧತಿ. ಎಷ್ಟೇ ಅನುಭವವಿದ್ದರೂ ಈ ಬೆರಳಿನ ಅಂದಾಜು ತಪ್ಪುತ್ತದೆ, ಅದೂ ಬಹುತೇಕ ಹೆಚ್ಚಿನ ಕಡೆಗೇ ತಪ್ಪುತ್ತದೆ ಎಂದು ಅಳೆದು ನೋಡಿದವರು ಮತ್ತೆ ಮತ್ತೆ ತೋರಿಸಿದ್ದಾರೆ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಅನಿಲ ಬಳಸಿದ್ದರೆ ಅದು ಮೆಲ್ಲಗೆ ಚೀಲದೊಳಕ್ಕೆ ನುಸುಳಿ, ಆರಂಭದಲ್ಲಿ ಸರಿಯಿದ್ದ ಒತ್ತಡವೂ ಗಂಟೆಯೊಳಗೆ ಏರುವುದುಂಟು. ಒತ್ತಡ ಅಳೆಯುವ ಪುಟ್ಟ ಮಾಪಕ ಪ್ರತಿಯೊಂದು ಆಪರೇಷನ್ ಥಿಯೇಟರಿನಲ್ಲಿಯೂ ಇರಬೇಕು, ಇದ್ದರೆ ಸಾಲದು, ಬಳಕೆಯಲ್ಲಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚೀಲವೊಂದೇ ಕಾರಣವಲ್ಲ. ಲ್ಯಾರಿಂಗೊಸ್ಕೋಪಿನ ಅಲಗು ತಾಗಿರಬಹುದು, ಜಠರ ಖಾಲಿ ಮಾಡಲು ಮೂಗಿನಿಂದಲೋ ಬಾಯಿಂದಲೋ ರೈಲ್ಸ್ ಟ್ಯೂಬ್ ಹಾಕಿರಬಹುದು, ಕೊನೆಯಲ್ಲಿ ಎಚ್ಚರಗೊಳಿಸುವಾಗ ಗಂಟಲಿನ ಉಗುಳನ್ನು ಹೀರುವ ಕೊಳವೆ ಉಜ್ಜಿರಬಹುದು, ನಳಿಕೆ ಇನ್ನೂ ಒಳಗಿರುವಾಗಲೇ ರೋಗಿ ಬಲವಾಗಿ ಕೆಮ್ಮಿರಬಹುದು. ಇದರ ಮೇಲೆ ಒಣಗುವಿಕೆ ಬೇರೆ. ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ; ಉಗುಳು ಕಡಿಮೆ ಮಾಡುವ ಗ್ಲೈಕೊಪೈರೊಲೇಟ್ ಚುಚ್ಚುಮದ್ದನ್ನು ನಮ್ಮಲ್ಲಿ ಆರಂಭದಲ್ಲಿಯೋ ಕೊನೆಯಲ್ಲಿಯೋ ಕೊಡುವುದು ವಾಡಿಕೆ; ಸಿಲಿಂಡರಿನಿಂದ ಬರುವ ಆಮ್ಲಜನಕದಲ್ಲಂತೂ ತೇವಾಂಶವೇ ಇರುವುದಿಲ್ಲ. ಒದ್ದೆಯಾಗಿರಬೇಕಾದ ಒಳಪೊರೆ ಒಣಗಿದಾಗ ಸಣ್ಣ ಉಜ್ಜಾಟವೂ ಗಾಯವಾಗುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ನಳಿಕೆ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 30ರಿಂದ 60 ಜನರಿಗೆ ಹೆಚ್ಚೋ ಕಡಿಮೆಯೋ ಗಂಟಲು ನೋವು ಬರುತ್ತದೆ. ಹೆಂಗಸರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲಿ, ದಪ್ಪ ನಳಿಕೆ ಬಳಸಿದವರಲ್ಲಿ, ನಳಿಕೆ ಹಾಕುವುದು ಕಷ್ಟವಾಗಿ ಎರಡು-ಮೂರು ಸಲ ಪ್ರಯತ್ನಿಸಬೇಕಾದವರಲ್ಲಿ ಇದು ಜಾಸ್ತಿ. ನೋವು ಬಂದ ಮಾತ್ರಕ್ಕೆ ಯಾರೋ ಅಜಾಗ್ರತೆ ಮಾಡಿದರೆಂದು ತೀರ್ಮಾನಿಸುವುದು ನ್ಯಾಯವಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದಾಗಲೂ ಬರುವ ನೋವು ಇದು.

ಉಪಚಾರ ಹೇಳುವ ಮೊದಲು ನೋವು ಎಲ್ಲಿದೆ ಎಂಬುದನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಗಂಟಲು ಎಂದು ನಾವು ಕರೆಯುವುದು ಒಂದೇ ಜಾಗವಲ್ಲ. ಉಗುಳು ನುಂಗುವಾಗ ಮಾತ್ರ ಕಿರುನಾಲಗೆಯ ಹಿಂದೆ ಚುರುಕ್ಕೆಂದರೆ ಪೆಟ್ಟು ಬಿದ್ದಿರುವುದು ಬಾಯಿಯ ಹಿಂಭಾಗಕ್ಕೆ, ಅಲಗು ಮತ್ತು ಹೀರುಕೊಳವೆ ತಾಗಿದ ಜಾಗಕ್ಕೆ. ದನಿ ಒಡೆದಿದ್ದರೆ ನಳಿಕೆ ಧ್ವನಿತಂತುಗಳ ನಡುವೆ ಕೂತಿದ್ದರಿಂದ ಅವು ಬಾತಿವೆ. ಕೊರಳಿನ ಬುಡದಲ್ಲಿ, ಎದೆಮೂಳೆಯ ಮೇಲ್ತುದಿಯ ಹತ್ತಿರ, ಕೆಮ್ಮಿದಾಗ ಉರಿದರೆ ಅದು ಗಾಳಿಚೀಲ ಒತ್ತಿದ ಜಾಗ. ಬಾಯಿ ಮುಕ್ಕಳಿಸಿದ ನೀರು ಎಷ್ಟೇ ಗಳಗಳ ಎಂದರೂ ಮೊದಲನೆಯ ಜಾಗವನ್ನು ಮಾತ್ರ ತಲುಪುತ್ತದೆ. ಧ್ವನಿತಂತುವಿಗೆ, ಅದರ ಕೆಳಗಿನ ಶ್ವಾಸನಾಳಕ್ಕೆ ಹೋಗುವುದಿಲ್ಲ, ಹೋದರೆ ಕೆಮ್ಮು ಬಂದು ಅನರ್ಥವಾಗುತ್ತದೆ. ಉಪ್ಪುನೀರಿನಿಂದ ಏನೂ ಆಗಲಿಲ್ಲ ಎಂದು ಬೇಸರಪಡುವವರ ನೋವು ಅನೇಕ ವೇಳೆ ಕೆಳಗಿನ ಎರಡು ಜಾಗಗಳಲ್ಲಿರುತ್ತದೆ. ಅಲ್ಲಿಗೆ ತಲುಪುವುದು ನೋವಿನ ಮಾತ್ರೆ, ತೇವದ ಗಾಳಿ ಮತ್ತು ಮಾತು ಕಡಿಮೆ ಮಾಡುವುದು, ಇಷ್ಟೇ. ನಿಮ್ಮ ತಾಯಿಯವರಿಗೆ ನುಂಗುವ ನೋವೂ ಇದೆ, ದನಿಯೂ ಒಡೆದಿದೆ. ಹಾಗಾಗಿ ಎರಡೂ ಬಗೆಯ ಉಪಚಾರ ಬೇಕು.

ಮೊದಲನೆಯದು ನೀರು. ಆಹಾರ, ನೀರು ಕೊಡಬಹುದೆಂದು ಶಸ್ತ್ರವೈದ್ಯರು ಹೇಳಿಯೇ ಮನೆಗೆ ಕಳುಹಿಸಿರುತ್ತಾರಾದ್ದರಿಂದ ದಿನವಿಡೀ ಗುಟುಕು ಗುಟುಕಾಗಿ ಕುಡಿಸಿ. ಒಮ್ಮೆಲೇ ಚೊಂಬು ಎತ್ತಿಸುವುದಕ್ಕಿಂತ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಸುವುದು ಗಂಟಲಿಗೆ ಹೆಚ್ಚು ಹಿತ. ನುಂಗಲು ನೋವೆಂದು ನೀರನ್ನೇ ಬಿಟ್ಟರೆ ಗಂಟಲು ಇನ್ನೂ ಒಣಗಿ ನೋವು ಬಲಿಯುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಬೇರೆ ತೊಡಕುಗಳೂ ಹುಟ್ಟುತ್ತವೆ. ನೀರು ತಣ್ಣಗಿರಲಿ, ಉಗುರುಬೆಚ್ಚಗಿರಲಿ, ಅವರಿಗೆ ಯಾವುದು ಹಿತವೋ ಅದು. ಸುಡುವ ಚಹಾ ಮಾತ್ರ ಬೇಡ.

ತಂಪಿನ ವಿಷಯಕ್ಕೆ ಬರೋಣ. ಆಪರೇಷನ್ ಆದವರಿಗೆ ಮೊಸರು, ಬಾಳೆಹಣ್ಣು, ಬದನೆಕಾಯಿ, ತಣ್ಣೀರು ಯಾವುದನ್ನೂ ಕೊಡದೆ ನಂಜು ಎಂದು ದೂರವಿಡುವ ಪಥ್ಯ ಧಾರವಾಡದಿಂದ ಹಾವೇರಿಯವರೆಗೆ ಮನೆಮನೆಯಲ್ಲೂ ಇದೆ. ಹಿರಿಯರ ಕಾಳಜಿಯಿಂದಲೇ ಅದು ಬಂದಿದೆ. ಆದರೆ ಹೊಲಿಗೆ ಕೀವಾಗುವುದು ರೋಗಾಣುಗಳಿಂದ. ಗಾಯಕ್ಕೆ ಮಣ್ಣು-ಬೆವರು ತಾಗಿದರೆ, ಕೈ ತೊಳೆಯದೆ ಮುಟ್ಟಿದರೆ, ರಕ್ತದಲ್ಲಿ ಸಕ್ಕರೆ ಏರಿದ್ದರೆ ಅವಕ್ಕೆ ಅನುಕೂಲ; ಹೊಟ್ಟೆಗೆ ಇಳಿದ ತಣ್ಣನೆಯ ಮಜ್ಜಿಗೆ ಹೊಕ್ಕಳಿನ ಪಕ್ಕದ ಹೊಲಿಗೆಗೆ ಏನನ್ನೂ ಮಾಡಲಾರದು. ತಂಪು ಪೆಟ್ಟಾದ ಜಾಗದ ಬಾವನ್ನು ತಗ್ಗಿಸಿ, ನೋವಿನ ನರಗಳನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಶುದ್ಧ ಕುಡಿಯುವ ನೀರಿನಿಂದ ಮಾಡಿದ ಮಂಜುಗಡ್ಡೆಯ ಚೂರೊಂದನ್ನು ಬಾಯಲ್ಲಿಟ್ಟು ಕರಗಿಸಿ ನುಂಗಲು ಹೇಳಿ. ಊಟಕ್ಕೆ ಹತ್ತು ನಿಮಿಷ ಮೊದಲು ಹೀಗೆ ಮಾಡಿದರೆ ಆಮೇಲೆ ತುತ್ತು ಸಲೀಸಾಗಿ ಇಳಿಯುತ್ತದೆ. ಐಸ್‌ಕ್ರೀಮನ್ನು ನಾನು ನಿಮ್ಮ ತಾಯಿಯವರಿಗೆ ಹೇಳುವುದಿಲ್ಲ; ತಂಪು ಎಂಬ ಕಾರಣಕ್ಕಲ್ಲ, ಅದರಲ್ಲಿರುವ ಸಕ್ಕರೆಯ ಕಾರಣಕ್ಕೆ. ಪಿತ್ತಕೋಶ ತೆಗೆದ ಹೊಸತರಲ್ಲಿ ಅಷ್ಟು ಕೊಬ್ಬು ಕೆಲವರಿಗೆ ಭೇದಿಯನ್ನೂ ತರುತ್ತದೆ.

ಉಪ್ಪುನೀರು ಅಗ್ಗದ, ನಿರಪಾಯದ ಉಪಚಾರ. ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಕರಗಿಸಿ, ದಿನಕ್ಕೆ ಮೂರು-ನಾಲ್ಕು ಸಲ ಮುಕ್ಕಳಿಸಿ ಉಗುಳಬೇಕು. ಉಪ್ಪು ಹೆಚ್ಚಾದರೆ ಉರಿಯುತ್ತದೆ, ಒಣಗಿಸುತ್ತದೆ. ನುಂಗುವುದಿಲ್ಲವಾದ್ದರಿಂದ ಬಿಪಿ ಇದ್ದವರೂ ಹೆದರಬೇಕಿಲ್ಲ. ಕೂತೇ ಮುಕ್ಕಳಿಸಲಿ, ನೋವಿನ ಮಾತ್ರೆಯ ಮಂಪರಿನಲ್ಲಿರುವಾಗ, ಮಲಗಿದಲ್ಲೇ ಮುಕ್ಕಳಿಸುವುದು ಬೇಡ. ಇದರಿಂದ ಸಾಲದಿದ್ದರೆ ಬೆಂಜಿಡಮೈನ್ ಎಂಬ ಮುಕ್ಕಳಿಸುವ ದ್ರವ ಔಷಧ ಅಂಗಡಿಗಳಲ್ಲಿ ಸಿಗುತ್ತದೆ, ಟ್ಯಾಂಟಮ್ ಎಂಬ ಹೆಸರಿನಲ್ಲಿ ಬಹಳ ಜನಕ್ಕೆ ಗೊತ್ತು. ಅದು ಬಾವನ್ನೂ ನೋವನ್ನೂ ಕಡಿಮೆ ಮಾಡುತ್ತದೆ. ನಳಿಕೆಯಿಂದಾದ ಗಂಟಲು ನೋವಿನಲ್ಲಿಯೇ ಪರೀಕ್ಷೆಗೆ ಒಳಪಟ್ಟು ಉಪಯೋಗ ತೋರಿಸಿದ ಔಷಧ ಅದಾದ್ದರಿಂದ ನಾನು ಧಾರಾಳವಾಗಿ ಹೇಳುತ್ತೇನೆ. ಮುಕ್ಕಳಿಸಿದ ಮೇಲೆ ಬಾಯಿ ಸ್ವಲ್ಪ ಹೊತ್ತು ಜುಮ್ಮೆಂದು ಮರಗಟ್ಟಿದಂತಾಗುವುದು ಸಹಜ, ಅದು ಇಳಿಯುವವರೆಗೆ ಏನನ್ನೂ ತಿನ್ನಿಸಬೇಡಿ. ಕೆಂಪು-ಕಂದು ಬಣ್ಣದ ಅಯೋಡಿನ್ ದ್ರವ ಸೋಂಕಿಗೆ ಮಾಡಿದ್ದು. ಇಲ್ಲಿ ಅದರ ಕೆಲಸವಿಲ್ಲ.

ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸಾಕು. ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯನ್ನು ಕೈಗೆ ತೆಗೆದುಕೊಂಡು ಪ್ರತಿಯೊಂದು ಮಾತ್ರೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಡೋಲೋ 650ರಲ್ಲಿ ಇರುವುದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಜೀರೋಡಾಲ್-ಪಿ ಮತ್ತು ಅಲ್ಟ್ರಾಸೆಟ್‌ಗಳಲ್ಲಿಯೂ ಬೇರೆ ಔಷಧದ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಡಗಿದೆ. ಹೊಟ್ಟೆನೋವಿಗೆ ಒಂದು, ಗಂಟಲಿಗೆ ಇನ್ನೊಂದು, ಮೈಕೈ ನೋವಿಗೆ ಮತ್ತೊಂದು ಎಂದು ಹೆಸರು ನೋಡಿ ಕೊಡುತ್ತ ಹೋದರೆ ಒಂದೇ ಔಷಧ ಮೂರು ದಾರಿಯಿಂದ ಹೊಟ್ಟೆಗೆ ಸೇರುತ್ತದೆ. ಎಲ್ಲವೂ ಸೇರಿ ದಿನಕ್ಕೆ 3 ಗ್ರಾಂ ದಾಟದಂತೆ ನೋಡಿಕೊಂಡರೆ ಕ್ಷೇಮ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಆರು ಗಂಟೆ ಅಂತರವಿರಲಿ. ಯಕೃತ್ತಿನ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಕೊಡಬೇಡಿ. ಬ್ರೂಫೆನ್ ಜಾತಿಯ ಮಾತ್ರೆಗಳನ್ನು ನೀವಾಗಿಯೇ ಸೇರಿಸುವುದು ಬೇಡ. ಬಿಪಿ ಮತ್ತು ಸಕ್ಕರೆ ಎರಡೂ ಇರುವ 56ರ ಮಹಿಳೆಯ ಮೂತ್ರಪಿಂಡಕ್ಕೆ ಅವು ಹೊರೆ.

ಹಬೆ ತೆಗೆದುಕೊಳ್ಳಬಹುದು, ಆದರೆ ಬರೀ ನೀರಿನ ಹಬೆ. ಅದಕ್ಕೆ ಅಮೃತಾಂಜನ, ಕರ್ಪೂರ, ನೀಲಗಿರಿ ಎಣ್ಣೆ ಹಾಕಿದರೆ ಗಾಯಗೊಂಡ ಪೊರೆ ಉರಿದು ಕೆಮ್ಮು ಬರುತ್ತದೆ, ಕೆಮ್ಮಿದರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಕಂಬಳಿ ಹೊದೆಯುವ ಕ್ರಮ ಆಪರೇಷನ್ ಆದವರಿಗೆ ಅಪಾಯಕಾರಿ. ಬಿಸಿನೀರು ಮಗುಚಿ ಸುಟ್ಟುಕೊಂಡವರಿದ್ದಾರೆ. ಬೇಸಿಗೆಯ ಒಣಗಾಳಿಯಲ್ಲಿ ರಾತ್ರಿಯಿಡೀ ಫ್ಯಾನು ಮುಖಕ್ಕೇ ಬೀಸುತ್ತಿದ್ದರೆ ಅದರ ದಿಕ್ಕು ತಿರುಗಿಸಿ, ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿದರೆ ಹಬೆಯಷ್ಟೇ ಉಪಯೋಗವಾದೀತು.

ದನಿ ಒಡೆದವರಿಗೆ ನಮ್ಮ ಕಡೆ ಒಂದು ವಿಶೇಷ ಕಷ್ಟವಿದೆ: ನೋಡಲು ಬರುವವರು. ಊರಿನಿಂದ ಬಂದ ಪ್ರತಿಯೊಬ್ಬರಿಗೂ ಆಪರೇಷನ್ನಿನ ಕತೆಯನ್ನು ಮೊದಲಿನಿಂದ ಹೇಳಿದರೆ ಬಾತ ಧ್ವನಿತಂತುಗಳಿಗೆ ಬಿಡುವು ಸಿಗುವುದಾದರೂ ಎಲ್ಲಿ? ಎರಡು-ಮೂರು ದಿನ ಅವರ ಪರವಾಗಿ ನೀವೇ ಮಾತನಾಡಿ. ಪಿಸುಮಾತು ಒಳ್ಳೆಯದೆಂದು ಬಹಳ ಜನ ತಿಳಿದಿದ್ದಾರೆ. ಪಿಸುಗುಡುವಾಗ ಧ್ವನಿಪೆಟ್ಟಿಗೆ ಇನ್ನಷ್ಟು ಬಿಗಿಯುತ್ತದೆ. ಮಾತನಾಡಲೇಬೇಕಾದರೆ ಸಹಜವಾದ ಮೆಲುದನಿಯಲ್ಲಿ ಎರಡೇ ಮಾತು ಸಾಕು. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸಿ ಪದೇ ಪದೇ ಕ್ಯಾಕರಿಸುವುದು ಇನ್ನೊಂದು ತೊಂದರೆ. ಹಾಗೆ ಅನ್ನಿಸುವುದು ಕಫದಿಂದಲ್ಲ, ಬಾವಿನಿಂದ. ಕ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗಲಿ. ಆದರೆ ಆಪರೇಷನ್ ನಂತರ ಶ್ವಾಸಕೋಶ ತೆರೆದಿರಲೆಂದು ಹೇಳಿಕೊಡುವ ದೀರ್ಘ ಉಸಿರಾಟವನ್ನೂ, ನಿಜವಾಗಿ ಕಫ ಬಂದಾಗ ಕೆಮ್ಮಿ ತೆಗೆಯುವುದನ್ನೂ ಗಂಟಲು ನೋವಿನ ನೆಪದಲ್ಲಿ ಬಿಡಬಾರದು. ಹೊಟ್ಟೆಗೆ ತಲೆದಿಂಬನ್ನು ಒತ್ತಿ ಹಿಡಿದು ಕೆಮ್ಮಿದರೆ ಹೊಲಿಗೆಯ ನೋವು ಕಡಿಮೆ.

ಊಟಕ್ಕೆ ಮೆತ್ತಗಿನದು, ಖಾರವಿಲ್ಲದ್ದು. ಜೋಳದ ನುಚ್ಚಿಗೆ ಮಜ್ಜಿಗೆ, ಮೆತ್ತಗೆ ಬೆಂದ ಅನ್ನಕ್ಕೆ ತಿಳಿ ಬೇಳೆಕಟ್ಟು, ರೊಟ್ಟಿಯೇ ಬೇಕೆಂದರೆ ಬಿಸಿ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಕೊಡಿ. ಕಟಕ ರೊಟ್ಟಿಯ ಚೂರು, ಶೇಂಗಾ ಚಟ್ನಿಯ ಪುಡಿ, ಅವಲಕ್ಕಿ ಚೂಡಾ ಇವೆಲ್ಲ ಹಸಿ ಗಾಯವನ್ನು ಗೀರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕಷ್ಟೇ, ಖಾರವಿಲ್ಲ ಎಂಬ ವಾದ ನಮ್ಮ ಅಡುಗೆಮನೆಗಳಲ್ಲಿ ಯಾವಾಗಲೂ ಇರುತ್ತದೆ. ಆರೋಗ್ಯವಂತ ನಾಲಗೆಗೆ ಅದು ನಿಜವಿರಬಹುದು, ಗಾಯವಾದ ಗಂಟಲಿಗೆ ಅಲ್ಲ. ಮೆಣಸು ಮತ್ತು ಶುಂಠಿಯ ಕಷಾಯಕ್ಕೂ ಇದೇ ಮಾತು: ಅವುಗಳ ಖಾರ ತಾಗಿದಾಗ ಆಗುವ ಉರಿಯನ್ನು ನಾವು ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತೇವೆ. ಹಿರಿಯರಿಗೆ ಬೇಸರವಾಗಬಾರದೆಂದಿದ್ದರೆ ಬರೀ ಜೀರಿಗೆ ಕುದಿಸಿ ಆರಿಸಿದ ನೀರನ್ನು ಮಾಡಿಕೊಡಲು ಹೇಳಿ. ಎಲೆ-ಅಡಿಕೆ-ತಂಬಾಕು ಕನಿಷ್ಠ ಎರಡು ವಾರ ಬೇಡ. ಸವಣೂರಿನ ಎಳೆಯ ಎಲೆಯೇ ಆದರೂ ಅದಕ್ಕೆ ಬಳಿಯುವ ಸುಣ್ಣ ಕ್ಷಾರ, ಅದು ಪೊರೆಯನ್ನು ಸುಡುತ್ತದೆ. ತಂಬಾಕಿನ ರಸ ಗಾಯ ಮಾಯುವುದನ್ನು ತಡೆಯುತ್ತದೆ. ಎರಡು ವಾರ ಬಿಟ್ಟವರು ಹಾಗೆಯೇ ಪೂರ್ತಿ ಬಿಟ್ಟ ಉದಾಹರಣೆಗಳೂ ಇವೆ, ಈ ಸಂದರ್ಭವನ್ನು ಕಳೆದುಕೊಳ್ಳಬೇಡಿ.

ಜ್ಯೇಷ್ಠಮಧುವಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾಟಿ ಔಷಧಗಳಲ್ಲಿ ಈ ನೋವಿಗೆ ಸರಿಯಾದ ಪರೀಕ್ಷೆಯನ್ನು ದಾಟಿ ಬಂದದ್ದು ಅದು. 2013ರಲ್ಲಿ ಪ್ರಕಟವಾದ ಆಸ್ಟ್ರಿಯಾ ದೇಶದ ಅಧ್ಯಯನವೊಂದರಲ್ಲಿ, ದಪ್ಪ ನಳಿಕೆ ಬೇಕಾಗುವ ಎದೆಯ ಶಸ್ತ್ರಚಿಕಿತ್ಸೆಗೆ ಮೊದಲು ಜ್ಯೇಷ್ಠಮಧುವಿನ ನೀರಿನಿಂದ ಬಾಯಿ ಮುಕ್ಕಳಿಸಿದವರಲ್ಲಿ ಗಂಟಲು ನೋವು ಗಣನೀಯವಾಗಿ ಕಡಿಮೆಯಿತ್ತು. ಗಮನಿಸಬೇಕಾದದ್ದು ಎರಡು: ಅವರು ಮುಕ್ಕಳಿಸಿದ್ದು ನಳಿಕೆ ಹಾಕುವುದಕ್ಕೆ ಮೊದಲು, ಮತ್ತು ಅದನ್ನು ಉಗುಳಿದರು. ಬೇರನ್ನು ದಿನವಿಡೀ ಚಪ್ಪರಿಸಿ ರಸ ನುಂಗುವುದು ಬೇರೆ ವಿಷಯ. ಅದು ಹೆಚ್ಚಾದರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನಿಮ್ಮ ತಾಯಿಯವರಿಗೆ ಈಗ ಅದು ಬೇಡ.

ಆಂಟಿಬಯೋಟಿಕ್ ಏಕೆ ಬೇಡವೆಂದರೆ, ಅದು ಕೊಲ್ಲಬೇಕಾದ ರೋಗಾಣು ಇಲ್ಲಿ ಇಲ್ಲ. ಆಪರೇಷನ್ನಿಗೆ ಬೇಕಾದ ಆಂಟಿಬಯೋಟಿಕ್ ಇದ್ದರೆ ಅದನ್ನು ಆಸ್ಪತ್ರೆಯವರೇ ಕೊಟ್ಟಿರುತ್ತಾರೆ, ಚೀಟಿಯಲ್ಲಿ ಬರೆದಿದ್ದರೆ ಅದನ್ನು ಬರೆದಂತೆಯೇ ಮುಗಿಸಿ. ಅದರ ಮೇಲೆ ಇನ್ನೊಂದು ಸೇರಿದರೆ ಭೇದಿ, ವಾಂತಿ, ಬಾಯಿಹುಣ್ಣು ಬರುವುದೇ ಲಾಭ. ಇನ್ನೊಂದು ವಿಷಯ: ವಾಂತಿಯಾಗದಿರಲೆಂದು ಆಪರೇಷನ್ ವೇಳೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು ಬಹಳ ಕಡೆ ಕೊಡುತ್ತಾರೆ, ಅದು ಗಂಟಲು ನೋವನ್ನೂ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದರಿಂದ ಒಂದೆರಡು ದಿನ ರಕ್ತದ ಸಕ್ಕರೆ ಏರಬಹುದು. ಸಕ್ಕರೆಯನ್ನು ಪರೀಕ್ಷಿಸುತ್ತಿರಿ, ಇಳಿಯದಿದ್ದರೆ ವೈದ್ಯರಿಗೆ ತಿಳಿಸಿ.

ಎಷ್ಟು ದಿನ ಎಂಬ ಪ್ರಶ್ನೆಗೆ: ನೋವು ತೀರ ಹೆಚ್ಚಾಗಿರುವುದು ಮೊದಲ 24 ಗಂಟೆಗಳಲ್ಲಿ. ಹೆಚ್ಚಿನವರಿಗೆ ಎರಡು-ಮೂರು ದಿನದಲ್ಲಿ, ಉಳಿದ ಬಹುತೇಕರಿಗೆ ವಾರದೊಳಗೆ ಹೋಗುತ್ತದೆ. ಒಡೆದ ದನಿ ಇದಕ್ಕಿಂತ ಕೆಲವು ದಿನ ಹೆಚ್ಚು ತೆಗೆದುಕೊಳ್ಳಬಹುದು. ದಿನಗಳ ಎಣಿಕೆಗಿಂತ ನೋವು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ನೋಡಿ. ಇಂದು ನಿನ್ನೆಗಿಂತ ಕಡಿಮೆಯೇ ಎಂದು ದಿನಕ್ಕೊಮ್ಮೆ ಕೇಳಿ. ಕಡಿಮೆಯಾಗುತ್ತಿದ್ದರೆ ಮೂರನೇ ದಿನವೂ ನೋವಿರುವುದು ಚಿಂತೆಯ ವಿಷಯವಲ್ಲ. ಇಳಿದ ನೋವು ಮತ್ತೆ ಏರಿದರೆ, ಅಥವಾ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಆಪರೇಷನ್ ಮಾಡಿದವರನ್ನು ಅಂದೇ ಸಂಪರ್ಕಿಸಿ. ಆ ಜ್ವರ ಗಂಟಲಿನದಲ್ಲದೆ ಹೊಟ್ಟೆಯದ್ದೂ ಇರಬಹುದು.

ಕೆಲವು ಲಕ್ಷಣಗಳಲ್ಲಿ ಬೆಳಗಾಗುವವರೆಗೂ ಕಾಯಬಾರದು. ಉಸಿರೆಳೆದುಕೊಳ್ಳುವಾಗ ಸೀಟಿಯಂತೆ ಅಥವಾ ಗೊರಗೊರ ಸದ್ದು, ಏದುಸಿರು, ಉಗುಳನ್ನೂ ನುಂಗಲಾಗದೆ ಬಾಯಿಂದ ಸುರಿಯುವುದು, ಕೊರಳು ಬಾತುಕೊಳ್ಳುವುದು, ಬಾತ ಕೊರಳನ್ನು ಬೆರಳಿನಿಂದ ಒತ್ತಿದರೆ ಚರ್ಮದಡಿ ಚರಚರ ಎನ್ನುವುದು, ನುಂಗಿದಾಗ ಎದೆಯಲ್ಲಿ ಅಥವಾ ಬೆನ್ನಲ್ಲಿ ತೀವ್ರ ನೋವು, ಬಾಯಿಂದ ಕೆಂಪು ರಕ್ತ ಬರುವುದು. ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಚರ್ಮದಡಿಯ ಆ ಚರಚರ ಸದ್ದು ಗಾಳಿ ಸೇರಿಕೊಂಡದ್ದರ ಗುರುತು. ಶ್ವಾಸನಾಳಕ್ಕೋ ಅನ್ನನಾಳಕ್ಕೋ ತೂತಾದಾಗ ಹೀಗಾಗುತ್ತದೆ. ಅದು ಬಹಳ ಅಪರೂಪ, ಆದರೆ ತಡವಾದರೆ ಪ್ರಾಣಾಪಾಯ.

ತುರ್ತಲ್ಲದಿದ್ದರೂ ತೋರಿಸಲೇಬೇಕಾದ ಎರಡು ಸಂದರ್ಭಗಳಿವೆ. ಒಂದು, ನೀರು ಕುಡಿದಾಗಲೆಲ್ಲ ನೆತ್ತಿಗೇರಿದಂತಾಗಿ ಕೆಮ್ಮು ಬರುವುದು. ಧ್ವನಿತಂತು ಸರಿಯಾಗಿ ಮುಚ್ಚುತ್ತಿಲ್ಲವೆಂದು ಅದರ ಅರ್ಥವಾಗಿರಬಹುದು. ಇನ್ನೊಂದು, ಎರಡು ವಾರವಾದರೂ ದನಿ ಮರಳದಿರುವುದು. ದನಿ ಗಾಳಿಯಂತೆ ಟೊಳ್ಳಾಗಿದ್ದರೆ ಅಷ್ಟು ದಿನವೂ ಕಾಯಬೇಡಿ. ನಳಿಕೆಯ ಒತ್ತಡದಿಂದ ಧ್ವನಿತಂತಿನ ನರ ಸೋತಿರಬಹುದು, ಅಲ್ಲಿನ ಪುಟ್ಟ ಮೃದ್ವಸ್ಥಿ ಜಾಗ ಬಿಟ್ಟಿರಬಹುದು, ಗಾಯದ ಮೇಲೆ ಗಂಟು ಬೆಳೆದಿರಬಹುದು. ಮೃದ್ವಸ್ಥಿ ಸರಿದಿದ್ದರೆ ಬೇಗ ಪತ್ತೆಯಾದಷ್ಟೂ ಕೂಡಿಸುವುದು ಸುಲಭ. ಗದಗಿನ ಜಿಲ್ಲಾ ಆಸ್ಪತ್ರೆಯಲ್ಲಿ, ಕಿಮ್ಸ್ ಎಂದೇ ಪರಿಚಿತವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಅಥವಾ ನಿಮಗೆ ಅನುಕೂಲವಾದ ಯಾವುದೇ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಹೊರರೋಗಿಯಾಗಿಯೇ ಹೋದರೆ, ತೆಳುವಾದ ಕ್ಯಾಮೆರಾ ಕೊಳವೆಯನ್ನು ಮೂಗಿನಿಂದ ಇಳಿಸಿ ಕೆಲವೇ ನಿಮಿಷಗಳಲ್ಲಿ ಧ್ವನಿತಂತುಗಳ ಚಲನೆಯನ್ನು ನೋಡುತ್ತಾರೆ. ಧಾರವಾಡದ ಕಡೆ ಹಾಡನ್ನೇ ವೃತ್ತಿ ಮಾಡಿಕೊಂಡವರು ಬಹಳ ಜನರಿದ್ದಾರೆ. ಅವರು ಮತ್ತು ಶಾಲೆಯ ಮೇಷ್ಟ್ರುಗಳು ಒಂದು ವಾರಕ್ಕೇ ತೋರಿಸುವುದು ಸೂಕ್ತ.

ಮೊದಲೇ ಏಕೆ ಹೇಳಲಿಲ್ಲ ಎಂಬ ನಿಮ್ಮ ಆಕ್ಷೇಪ ಸರಿಯಾದದ್ದು. ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಎಲ್ಲೋ ಒಂದು ಸಾಲು ಇದ್ದಿರಬಹುದು, ಆದರೆ ಆಪರೇಷನ್ನಿನ ಹಿಂದಿನ ದಿನ ಎರಡು ನಿಮಿಷ ಕುಳಿತು ಕನ್ನಡದಲ್ಲಿ ಹೇಳಿದ್ದರೆ ನಿಮಗೆ ಈ ಗಾಬರಿ ಇರುತ್ತಿರಲಿಲ್ಲ. ಮುಂದೆ ಎಂದಾದರೂ ಪೂರ್ತಿ ಅರಿವಳಿಕೆ ಬೇಕಾದರೆ, ಮೊದಲು ನೋಡಲು ಬರುವ ಅರಿವಳಿಕೆ ವೈದ್ಯರಿಗೆ ಈ ಸಲದ ನೋವನ್ನೂ, ದನಿ ಒಡೆದದ್ದನ್ನೂ ತಪ್ಪದೆ ತಿಳಿಸಿ. ತುಸು ಸಣ್ಣ ನಳಿಕೆಯನ್ನು ಆರಿಸುವುದು, ಚೀಲದ ಒತ್ತಡವನ್ನು ಮಾಪಕದಿಂದ ಅಳೆಯುವುದು, ಮೊದಲೇ ಔಷಧಿ ಬೆರೆಸಿದ ನೀರಿನಿಂದ ಮುಕ್ಕಳಿಸಲು ಕೊಡುವುದು ಇವೆಲ್ಲ ಅವರ ಕೈಯಲ್ಲಿವೆ. ಸಣ್ಣ ಶಸ್ತ್ರಚಿಕಿತ್ಸೆಗಳಿಗೆ ಧ್ವನಿಪೆಟ್ಟಿಗೆಯ ಮೇಲೆಯೇ ಕೂರುವ, ಶ್ವಾಸನಾಳದೊಳಗೆ ಇಳಿಯದ ಲ್ಯಾರಿಂಜಿಯಲ್ ಮಾಸ್ಕ್ ಎಂಬ ಸಾಧನವೂ ಇದೆ. 1981ರಲ್ಲಿ ಆರ್ಚಿ ಬ್ರೇನ್ ಎಂಬ ಬ್ರಿಟಿಷ್ ವೈದ್ಯರು ಅದನ್ನು ಮೊದಲು ಬಳಸಿದರು. ಅದರಲ್ಲಿ ದನಿ ಒಡೆಯುವುದು ಕಡಿಮೆ, ಗಂಟಲು ನೋವು ಮಾತ್ರ ಪೂರ್ತಿ ತಪ್ಪುವುದಿಲ್ಲ. ನಿಮ್ಮ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಾರಾಂಶವನ್ನು ತೆಗೆದುಕೊಳ್ಳುವಾಗ, ನಳಿಕೆ ಹಾಕಲು ಕಷ್ಟವಾಗಿತ್ತೇ, ಎಷ್ಟು ಅಳತೆಯ ನಳಿಕೆ ಬಳಸಿದರು ಎಂಬುದನ್ನು ಬರೆಸಿಕೊಳ್ಳಿ. ಆ ಒಂದು ಸಾಲು ಮುಂದಿನ ವೈದ್ಯರಿಗೆ ಬಹಳ ಬೆಲೆಬಾಳುವಂಥದ್ದು.

ಇನ್ನು ಕಣ್ಣಿನ ಪೊರೆಯ ಆಪರೇಷನ್. ಅದಕ್ಕೆ ದೊಡ್ಡವರಲ್ಲಿ ಪೂರ್ತಿ ಅರಿವಳಿಕೆ ಕೊಡುವುದು ತೀರ ಅಪರೂಪ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ ಅಥವಾ ಕಣ್ಣಿನ ಸುತ್ತ ಒಂದು ಚುಚ್ಚುಮದ್ದು ಕೊಟ್ಟು, ಎಚ್ಚರವಾಗಿರುವಾಗಲೇ ಮಾಡುತ್ತಾರೆ; ಬಾಯಿಗೆ ನಳಿಕೆ ಬರುವುದಿಲ್ಲ. ನಿಮ್ಮ ತಾಯಿಯವರಿಗೆ ಇದನ್ನು ಇಂದೇ ತಿಳಿಸಿ. ಆ ದಿನ ಅವರು ಅಲುಗಾಡದೆ ಮಲಗಿರಬೇಕಾಗುತ್ತದೆಯಾದ್ದರಿಂದ, ಅಷ್ಟರಲ್ಲಿ ಕೆಮ್ಮು ಉಳಿದಿದ್ದರೆ ಮಾತ್ರ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ ದಿನಾಂಕವನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಳ್ಳಿ.